ಮುಚ್ಚಳ ಮುಚ್ಚಿದ ಮೇಲೆ ನಡೆದದ್ದು

ನಾನು ದಾವಣಗೆರೆಯಲ್ಲಿ ಲೆಕ್ಕ ಬರೆಯುವವನು. ಏಳೆಂಟು ದಲಾಲಿ ಅಂಗಡಿ, ಎರಡು ಹಾರ್ಡ್‌ವೇರ್ ಅಂಗಡಿ, ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ಇಷ್ಟರ ಜಿಎಸ್‌ಟಿ ನನ್ನ ತಲೆ ಮೇಲಿದೆ. ಆಫೀಸು ಅಂತ ಒಂದು ರೂಮಿದೆ. ಅಲ್ಲಿ ಕೂರುವುದು ಕಡಿಮೆ. ಬಿಲ್ಲುಗಳು ಇರುವುದು ಅಂಗಡಿಯಲ್ಲಿ, ಅಲ್ವಾ? ಒಂದು ಅಂಗಡಿಯ ಕೆಲಸ ಮುಗಿದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ, ಸ್ಕೂಟರ್ ಹತ್ತಿ ಹೊರಡುತ್ತೇನೆ. ಮುಂದಿನ ಅಂಗಡಿಯಲ್ಲಿ ಮುಚ್ಚಳ ತೆರೆದರೆ ಬಿಟ್ಟಲ್ಲಿಂದಲೇ ಕೆಲಸ ಶುರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಸ್ಲೀಪ್ ಅಂದರೇನು, ಹೈಬರ್ನೇಟ್ ಅಂದರೇನು ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಬಂತು.

ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಅಂಗಡಿಯಲ್ಲಿ ಕೂತು ಮುಚ್ಚಳ ತೆರೆದೆ. ಪಾಸ್‌ವರ್ಡ್ ಕೇಳುವ ಪರದೆ ಬಂತು. ಅದು ಮಾಮೂಲು. ಪಾಸ್‌ವರ್ಡ್ ಹೊಡೆದೆ. ಒಳಗೆ ಏನೂ ಇಲ್ಲ. ಎಕ್ಸೆಲ್ ಇಲ್ಲ, ಟ್ಯಾಲಿ ಇಲ್ಲ, ಬ್ರೌಸರ್‌ನಲ್ಲಿ ತೆರೆದಿಟ್ಟಿದ್ದ ಹತ್ತು ಹನ್ನೆರಡು ಟ್ಯಾಬ್ ಇಲ್ಲ. ಬೆಳಗ್ಗೆ ಗುಡಿಸಿ ನೀರು ಚಿಮುಕಿಸಿದ ಅಂಗಳದ ಹಾಗೆ ಖಾಲಿ ಖಾಲಿ.

ಟ್ಯಾಲಿಯಲ್ಲಿ ವೋಚರ್ ಆಗಾಗಲೇ ಸೇವ್ ಆಗುತ್ತದೆ. ಅಲ್ಲಿ ನಷ್ಟವಾಗಲಿಲ್ಲ. ಹೊಟ್ಟೆ ಉರಿದದ್ದು ಎಕ್ಸೆಲ್ ನೋಡಿ. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, 20ರೊಳಗೆ 3ಬಿ ಎಂಬ ರಿಟರ್ನ್ ಹಾಕಬೇಕು. ಮಧ್ಯದ ಆರು ದಿನ ನನ್ನಂಥವರು ಮನೆಯಲ್ಲಿ ಸರಿಯಾಗಿ ಊಟ ಮಾಡುವುದಿಲ್ಲ. ಅಂಗಡಿಯವರ ಖರೀದಿ ಬಿಲ್ಲು ಒಂದು ಕಡೆ, 2ಬಿಯಲ್ಲಿ ಬಂದದ್ದು ಇನ್ನೊಂದು ಕಡೆ, ಒಂದೊಂದಾಗಿ ತಾಳೆ ನೋಡಬೇಕು. ಅಂಥ ಒಂದು ಶೀಟಿನಲ್ಲಿ ಅರ್ಧ ಗಂಟೆಯ ಕೆಲಸ ಹೋಗಿತ್ತು.

ಬ್ಯಾಟರಿ ಕೈಕೊಟ್ಟಿರಬೇಕು ಅಂದುಕೊಂಡೆ. ನೋಡಿದರೆ 71 ಪರ್ಸೆಂಟ್ ಇತ್ತು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆ ವಾರ ಒಟ್ಟು ನಾಲ್ಕು ಸಲ. ಅಂಗಡಿ ಸಾಹುಕಾರರು ಚಹಾ ತರಿಸಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದರು. "ಏನ್ ಸರ, ನಿಮ್ಮ ಮಿಷನ್ನು ಎಲ್ಲಾ ಮರೀತೈತೇನು?"

ನಮ್ಮ ಬೀದಿಯ ರಿಪೇರಿ ಹುಡುಗನ ಹತ್ತಿರ ಹೋದೆ. ಒಳ್ಳೆಯ ಹುಡುಗ. ಹಿಂದಿನ ತಗಡು ಬಿಚ್ಚಿ, ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ ಮತ್ತೆ ಕೂರಿಸಿದ. ಇದು ಅವನ ಮೊದಲ ಮದ್ದು, ಎಲ್ಲ ರೋಗಕ್ಕೂ. ಸುಮ್ನೆ ನಗಬೇಡಿ, ಎಷ್ಟೋ ಸಲ ಕೆಲಸ ಮಾಡುತ್ತದೆ. ನನ್ನದಕ್ಕೆ ಮಾಡಲಿಲ್ಲ. ಮೂರನೇ ದಿನ ವಾಪಸ್ ಹೋದೆ. "ಸರ್, ವಿಂಡೋಸ್ ಕರಪ್ಟ್ ಆಗಿದೆ. ಫಾರ್ಮ್ಯಾಟ್ ಹೊಡೆದುಬಿಡೋಣ" ಎಂದ.

ಹೊಡೆಸಿದೆ. ಒಂದು ಭಾನುವಾರ ಪೂರ್ತಿ ಟ್ಯಾಲಿ, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ನು, ಕನ್ನಡ ಟೈಪಿಂಗಿನ ನುಡಿ ಎಲ್ಲ ಮತ್ತೆ ಹಾಕಿಕೊಂಡೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಚ್ಚಳ ತೆರೆದರೆ ಮತ್ತೆ ಅದೇ ಖಾಲಿ ಅಂಗಳ.

ಆ ನಾಲ್ಕು ದಿನ ಯಾಕೆ ಚೆನ್ನಾಗಿತ್ತು ಎಂದು ಅವತ್ತೇ ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾನು ಕೇಳಿಕೊಳ್ಳಲಿಲ್ಲ. ಸಿಟ್ಟು ಬಂದಾಗ ಯಾರೂ ಕೇಳಿಕೊಳ್ಳುವುದಿಲ್ಲ. ಇನ್ನು ಮೇಲೆ ಸ್ಲೀಪೇ ಬೇಡ, ಪ್ರತಿ ಅಂಗಡಿಯಲ್ಲೂ ಶಟ್‌ಡೌನ್ ಮಾಡಿ ಎದ್ದುಬಿಡುತ್ತೇನೆ ಎಂದು ತೀರ್ಮಾನಿಸಿದೆ. ದಿನಕ್ಕೆ ಆರು ಸಲ ಎಲ್ಲ ಮುಚ್ಚುವುದು, ಆರು ಸಲ ಎಲ್ಲ ತೆರೆಯುವುದು, ಪೋರ್ಟಲ್‌ಗೆ ಆರು ಸಲ ಲಾಗಿನ್, ಆರು ಸಲ ಕ್ಯಾಪ್ಚಾ. ಒಂದು ವಾರಕ್ಕೆ ಸಾಕುಸಾಕಾಯಿತು.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಇಂಥದ್ದಕ್ಕೆಲ್ಲ ಅವಳಿಗೆ ತೊಂದರೆ ಕೊಡಬಾರದು ಅಂತ ಸುಮ್ಮನಿದ್ದೆ. ಕೊನೆಗೆ ಫೋನ್ ಮಾಡಿದೆ.

ಎಲ್ಲ ಕೇಳಿಸಿಕೊಂಡು ಅವಳು ಮೊದಲು ಬೈದಳು. "ಫಾರ್ಮ್ಯಾಟ್ ಯಾಕೆ ಮಾಡಿಸಿದ್ರಿ ಮಾವ? ಲಾಗ್ ಎಲ್ಲ ಹೋಯ್ತಲ್ಲ!"

"ಎಂಥ ಲಾಗು?"

"ಲೆಕ್ಕದ ಪುಸ್ತಕ ಮಾವ. ಕಂಪ್ಯೂಟರು ತನಗೆ ಆಗಿದ್ದನ್ನೆಲ್ಲ ಬರೆದಿಡುತ್ತೆ. ನೀವು ಕಳ್ಳತನ ಆದ ಮನೆಗೆ ಸುಣ್ಣ ಬಳಿಸಿ ಪೊಲೀಸರಿಗೆ ಫೋನ್ ಮಾಡಿದ ಹಾಗೆ ಮಾಡಿದೀರಿ."

ಲೆಕ್ಕದ ಪುಸ್ತಕ ಅಂದ ಕೂಡಲೇ ನನಗೆ ಧೈರ್ಯ ಬಂತು. ಅದು ನನ್ನ ಸೀಮೆ.

ಅವಳು ಹೇಳಿದಂತೆ ಮತ್ತೆ ಎರಡು ದಿನ ಸ್ಲೀಪ್ ಬಳಸಿದೆ. ಬೇಕಂತಲೇ ಬಳಸಿದೆ. ಜೇಬಿನ ಡೈರಿಯಲ್ಲಿ ಮುಚ್ಚಳ ಮುಚ್ಚಿದ ಗಂಟೆ, ತೆರೆದ ಗಂಟೆ ಬರೆದುಕೊಂಡೆ. ಎರಡು ದಿನದಲ್ಲಿ ಮೂರು ಸಲ ಕೆಟ್ಟಿತು. ಆಮೇಲೆ ರಾತ್ರಿ ಆ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆದು ಕೂತೆವು, ಅವಳು ಆ ಕಡೆ, ನಾನು ಈ ಕಡೆ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಕೆಂಪು, ಹಳದಿ ಗುರುತುಗಳ ಸಾವಿರಾರು ಸಾಲು. ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಹುಪಾಲು ಕಸ, ಹೆದರಬೇಡಿ ಎಂದಳು. ಕರ್ನಲ್-ಪವರ್ ಎಂಬ ಹೆಸರಿನವು, ಅದರಲ್ಲೂ 41 ಮತ್ತು 42ನೇ ನಂಬರಿನವು ಸಾಕು.

42 ಅಂದರೆ "ಕಂಪ್ಯೂಟರು ಮಲಗಲು ಹೊರಟಿದೆ". 41 ಅಂದರೆ "ಸರಿಯಾಗಿ ಮುಚ್ಚದೆಯೇ ರೀಸ್ಟಾರ್ಟ್ ಆಗಿದೆ". ಇಲ್ಲಿ ಒಂದು ಸೂಕ್ಷ್ಮವಿದೆ. 41 ಅನ್ನು ಬರೆಯುವುದು ಸತ್ತಾಗ ಅಲ್ಲ. ಸತ್ತವನು ಹೇಗೆ ಬರೆದಾನು? ಮತ್ತೆ ಹುಟ್ಟಿದ ಮೇಲೆ ಬರೆಯುತ್ತದೆ. ಅಂದರೆ 41ರ ಪಕ್ಕದಲ್ಲಿರುವ ಗಂಟೆ ಮರುಹುಟ್ಟಿನ ಗಂಟೆ.

ಡೈರಿ ಪಕ್ಕಕ್ಕಿಟ್ಟುಕೊಂಡು ತಾಳೆ ನೋಡಿದೆ. ನನ್ನ ಡೈರಿ ಪ್ರಕಾರ ಮುಚ್ಚಿದ್ದು 11:04, ತೆರೆದದ್ದು 11:50. ಲಾಗಿನಲ್ಲಿ 42 ಬಿದ್ದದ್ದು 11:04ಕ್ಕೆ. ಸರಿ. 41 ಬಿದ್ದದ್ದು 11:15ಕ್ಕೆ.

11:15ಕ್ಕೆ ನಾನು ಪಿ.ಬಿ. ರಸ್ತೆಯಲ್ಲಿ ಸ್ಕೂಟರ್ ಮೇಲಿದ್ದೆ. ಲ್ಯಾಪ್‌ಟಾಪ್ ನನ್ನ ಬೆನ್ನ ಮೇಲಿನ ಬ್ಯಾಗಿನಲ್ಲಿತ್ತು.

ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಅದು ಕೆಡುತ್ತಿದ್ದುದು ನಾನು ಮುಚ್ಚಳ ತೆರೆದಾಗ ಅಲ್ಲವೇ ಅಲ್ಲ. ಮುಚ್ಚಿದ ಮೇಲೆ, ಬ್ಯಾಗಿನ ಕತ್ತಲಲ್ಲಿ, ಯಾರೂ ನೋಡದಿದ್ದಾಗ, ವಿಂಡೋಸ್ ಕೆಟ್ಟು ನಿಂತಾಗ ಬರುವ ನೀಲಿ ಪರದೆ ಬಂದು, ತಾನೇ ರೀಸ್ಟಾರ್ಟ್ ಆಗಿ, ಪಾಸ್‌ವರ್ಡ್ ಪರದೆಯಲ್ಲಿ ನನಗಾಗಿ ಕಾಯುತ್ತಾ ಕೂತಿರುತ್ತಿತ್ತು. ನಾನು ತೆರೆದಾಗ ಕಂಡದ್ದು ಹಳೆಯ ಸಾವು. ಎದ್ದೇಳಲು ಆಗುತ್ತಿಲ್ಲ ಎಂದು ಒಂದು ತಿಂಗಳು ನಂಬಿದ್ದೆ. ನಿಜವಾಗಿ ಅದಕ್ಕೆ ಮಲಗಲು ಆಗುತ್ತಿರಲಿಲ್ಲ.

ಸ್ಕೂಟರ್ ಮೇಲೆ ಹೋಗುವಾಗ ಬೆನ್ನು ಬೆಚ್ಚಗಾಗುತ್ತಿದ್ದುದು ಆಗ ನೆನಪಾಯಿತು. ರೇನ್‌ಕೋಟಿನ ಸೆಕೆ ಅಂದುಕೊಂಡಿದ್ದೆ!

ಇನ್ನೊಂದು ವಿಷಯವೂ ಅದೇ ರಾತ್ರಿ ಸಿಕ್ಕಿತು. 42ರ ಸಾಲನ್ನು ಒತ್ತಿದರೆ ಕೆಳಗೆ ಮಲಗಲು ಕಾರಣವೇನು ಎಂದೂ ಬರೆದಿರುತ್ತದೆ. ನನ್ನ ಪಟ್ಟಿಯಲ್ಲಿ ಎಲ್ಲವೂ "ಬಟನ್ ಆರ್ ಲಿಡ್". ಅಂದರೆ ಬಟನ್ ಒತ್ತಿದ್ದಾರೆ, ಇಲ್ಲವೇ ಮುಚ್ಚಳ ಮುಚ್ಚಿದ್ದಾರೆ. ಆದರೆ ಎರಡು ಸಾಲು ನನ್ನ ಡೈರಿಯಲ್ಲಿ ಇರಲೇ ಇಲ್ಲ. ಆ ಹೊತ್ತಿಗೆ ನಾನು ಕೀಬೋರ್ಡ್ ಮುಂದೆಯೇ ಕೂತು ಟೈಪ್ ಮಾಡುತ್ತಿದ್ದೆ. ಪರದೆ ಫಕ್ಕನೆ ಆರಿದ್ದು, ಬಟನ್ ಒತ್ತಿದರೆ ಎದ್ದದ್ದು ನೆನಪಿದೆ. ಮುಚ್ಚಳ ಮುಟ್ಟಿರಲಿಲ್ಲ.

ಅಕ್ಕನ ಮಗಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು. "ಮಾವ, ನಿಮ್ಮ ಮೊಬೈಲ್ ಕವರ್ ಮಡಚೋದಾ?"

ಹೌದು, ಪುಸ್ತಕದಂತೆ ಮಡಚುವ ಕವರ್. ಮುಚ್ಚಿದರೆ ಟಪ್ ಎಂದು ಅಂಟಿಕೊಳ್ಳುತ್ತದೆ, ಒಳಗೆ ಅಯಸ್ಕಾಂತವಿದೆ. ಅದನ್ನು ಕೀಬೋರ್ಡಿನ ಎಡಬದಿಗೆ ಇಟ್ಟು ಮೆಲ್ಲಗೆ ಸರಿಸಿ ಎಂದಳು. ಸರಿಸಿದೆ. ಮೂಲೆಯಿಂದ ಎರಡು ಬೆರಳು ಒಳಗೆ ಬಂದದ್ದೇ ತಡ, ಪರದೆ ಆರಿತು. ತೆಗೆದು ಮತ್ತೆ ಇಟ್ಟೆ, ಮತ್ತೆ ಆರಿತು. ಜಾತ್ರೆಯ ಜಾದೂ ನೋಡಿದ ಹಾಗಾಯಿತು. ಲ್ಯಾಪ್‌ಟಾಪ್‌ಗೆ ಮುಚ್ಚಳ ಮುಚ್ಚಿದ್ದು ಗೊತ್ತಾಗುವುದು ಹೀಗೇ ಅಂತೆ. ಪರದೆಯ ಚೌಕಟ್ಟಿನಲ್ಲಿ ಒಂದು ಚೂರು ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಹಾಲ್ ಸೆನ್ಸರ್. ನನ್ನ ಮೊಬೈಲ್ ಕವರ್ ಹತ್ತಿರ ಬಂದರೆ ಮುಚ್ಚಳವೇ ಬಂತು ಎಂದು ಅದು ಮೋಸಹೋಗುತ್ತಿತ್ತು. ಇದಕ್ಕೂ ಕ್ರ್ಯಾಶ್‌ಗೂ ಸಂಬಂಧವಿಲ್ಲ. ಆದರೆ ಎರಡನ್ನೂ ಒಂದೇ ರೋಗವೆಂದು ತಿಳಿದು ನಾನು ಗೊಂದಲ ಮಾಡಿಕೊಂಡಿದ್ದೆ. ಮೊಬೈಲನ್ನು ಬಲಗಡೆ ಇಟ್ಟುಕೊಂಡೆ, ಒಂದು ಕಥೆ ಮುಗಿಯಿತು.

ಈಗ ನೀಲಿ ಪರದೆ. 41ರ ಸಾಲಿನ ಡೀಟೇಲ್ಸ್ ಒತ್ತಿದರೆ ಬಗ್‌ಚೆಕ್ ಕೋಡ್ ಎಂಬ ಅಂಕಿ ಇರುತ್ತದೆ. ಅದು ಸೊನ್ನೆ ಇದ್ದರೆ ಕರೆಂಟ್ ಹೋಗಿರಬೇಕು, ಇಲ್ಲವೇ ಹ್ಯಾಂಗ್ ಆದದ್ದಕ್ಕೆ ನಾವೇ ಪವರ್ ಬಟನ್ ಅದುಮಿ ಹಿಡಿದಿರಬೇಕು. ನನ್ನದರಲ್ಲಿ 159 ಇತ್ತು. ನೀಲಿ ಪರದೆಯ ನಂಬರುಗಳನ್ನು ಹದಿನಾರರ ಲೆಕ್ಕದಲ್ಲಿ ಬರೆಯುತ್ತಾರೆ, ಅಲ್ಲಿ ಹತ್ತರಿಂದ ಹದಿನೈದರವರೆಗೆ ಎ ಬಿ ಸಿ ಡಿ ಇ ಎಫ್ ಎಂದಳು. ಮಗ್ಗಿ ನಮಗೆ ಬಾಯಿಗೇ ಬರುತ್ತದೆ. ಹದಿನಾರೊಂಬತ್ಲೆ ನೂರ ನಲವತ್ನಾಲ್ಕು, ಉಳಿದದ್ದು ಹದಿನೈದು. ಅಂದರೆ 9ಎಫ್. ಅದರ ಹೆಸರು ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಡ್ರೈವರ್ ಅಂದರೆ ಒಂದೊಂದು ಸಾಧನವನ್ನು ನಡೆಸುವ ಸಾಫ್ಟ್‌ವೇರ್.

ಇದು ಅರ್ಥವಾಗಬೇಕಾದರೆ ಮಲಗುವುದೆಂದರೆ ಏನೆಂದು ತಿಳಿಯಬೇಕು. ಅವಳು ಹೇಳಿದ್ದನ್ನು ನನ್ನ ಭಾಷೆಗೆ ತಂದುಕೊಂಡೆ. ಸ್ಲೀಪ್ ಅಂದರೆ ಅಂಗಡಿಯ ಶಟರ್ ಅರ್ಧ ಎಳೆದು ಊಟಕ್ಕೆ ಹೋಗುವುದು. ಖಾತೆ ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ, ಒಂದು ದೀಪ ಉರಿಯುತ್ತಿದೆ. ಆ ದೀಪವೇ ರ‍್ಯಾಮ್‌ಗೆ ಹೋಗುವ ಚೂರು ಕರೆಂಟು. ಅದು ಆರಿದರೆ ಮೇಜಿನ ಮೇಲಿದ್ದದ್ದು ಹೋಯಿತು. ಹೈಬರ್ನೇಟ್ ಅಂದರೆ ರಾತ್ರಿ ಅಂಗಡಿ ಮುಚ್ಚುವುದು. ಮೇಜಿನ ಮೇಲಿದ್ದದ್ದನ್ನೆಲ್ಲ ಹೈಬರ್‌ಫಿಲ್ ಎಂಬ ಫೈಲಿಗೆ ಬರೆದು ಡಿಸ್ಕಿನಲ್ಲಿ ಬೀಗ ಹಾಕಿ, ಮೇನ್ ಆರಿಸಿ ಹೊರಡುವುದು. ಕರೆಂಟೇ ಬೇಡ. ತೆರೆಯಲು ಸ್ವಲ್ಪ ಹೊತ್ತು ಜಾಸ್ತಿ, ಅಷ್ಟೆ.

ಎರಡರಲ್ಲೂ ಹೊರಡುವ ಮುನ್ನ ಸಾಹುಕಾರರು ಒಬ್ಬೊಬ್ಬ ಹಮಾಲಿಯನ್ನೂ ಕೇಳುತ್ತಾರೆ, "ನಿನ್ನ ಕೆಲಸ ಮುಗೀತಾ?" ವೈಫೈ, ಬ್ಲೂಟೂತ್, ಯುಎಸ್‌ಬಿ, ಡಿಸ್ಕು, ಗ್ರಾಫಿಕ್ಸು, ಎಲ್ಲರಿಗೂ ಒಂದೊಂದು ಚೀಟಿ ಹೋಗುತ್ತದೆ. ಆ ಚೀಟಿಗೆ ಐಆರ್‌ಪಿ ಅನ್ನುತ್ತಾರೆ. ಎಲ್ಲರೂ "ಮುಗೀತು" ಎಂದು ಚೀಟಿ ವಾಪಸ್ ಕೊಟ್ಟರೆ ಮಾತ್ರ ಸಾಹುಕಾರರು ಹೊರಡುತ್ತಾರೆ. ಒಬ್ಬ ಕೊಡಲಿಲ್ಲ ಅಂದರೆ ವಿಂಡೋಸ್ ಕೆಲವು ನಿಮಿಷ ಕಾಯುತ್ತದೆ. ಆಮೇಲೂ ಕೊಡಲಿಲ್ಲ ಅಂದರೆ ಇನ್ನೇನೂ ಮಾಡಲಾಗದೆ ಎಲ್ಲ ಬಿಟ್ಟು ನೀಲಿ ಪರದೆ ತೋರಿಸುತ್ತದೆ. ಅದೇ 9ಎಫ್. 11:04ರಿಂದ 11:15ರವರೆಗೆ ನನ್ನ ಬ್ಯಾಗಿನಲ್ಲಿ ನಡೆದದ್ದು ಈ ಕಾಯುವಿಕೆ ಮತ್ತು ರೀಸ್ಟಾರ್ಟ್.

ಹಾಗಾದರೆ ಚೀಟಿ ಹಿಡಿದುಕೊಂಡು ಕೂತ ಹಮಾಲಿ ಯಾರು?

ನನ್ನ ಗುಮಾನಿ ಡಿಜಿಟಲ್ ಸಹಿಯ ಟೋಕನ್ ಮೇಲಿತ್ತು. ಕಂಪನಿಯ ರಿಟರ್ನ್‌ಗೆ ಅದು ಬೇಕೇ ಬೇಕು, ಅದರ ಸಾಫ್ಟ್‌ವೇರ್ ಮೊದಲಿಂದಲೂ ತಕರಾರು. ಎರಡು ದಿನ ಅದನ್ನು ಮನೆಯಲ್ಲೇ ಬಿಟ್ಟೆ, ಸಾಫ್ಟ್‌ವೇರನ್ನೂ ತೆಗೆದೆ. ಕ್ರ್ಯಾಶ್ ನಿಲ್ಲಲಿಲ್ಲ. ಟೋಕನ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆಮೇಲೆ ಮುಚ್ಚಳ ಮುಚ್ಚಿದರೆ ಸ್ಲೀಪ್ ಬದಲು ಹೈಬರ್ನೇಟ್ ಆಗುವ ಹಾಗೆ ಮಾಡಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಬದಲಾಯಿಸಬಹುದು. ಅದೂ ಅದೇ ರೀತಿ ಕೆಟ್ಟಿತು, ಅದೇ 159. ನನಗೆ ಬೇಸರವಾಯಿತು, ಅವಳಿಗೆ ಖುಷಿಯಾಯಿತು. ರ‍್ಯಾಮ್ ಹಾಳಾಗಿದ್ದರೆ ಸ್ಲೀಪ್ ಒಂದು ಥರ ಕೆಡುತ್ತಿತ್ತು, ಹೈಬರ್ನೇಟ್ ಫೈಲ್ ಹಾಳಾಗಿದ್ದರೆ ಏಳುವಾಗ ಕೆಡುತ್ತಿತ್ತು. ಎರಡೂ ಮಲಗುವಾಗಲೇ, ಒಂದೇ ರೀತಿ ಕೆಡುತ್ತಿವೆ ಅಂದರೆ ಎರಡಕ್ಕೂ ಸಮಾನವಾದ ಜಾಗದಲ್ಲಿ ತೊಂದರೆ. ಅಂದರೆ ಚೀಟಿ ಹಂಚುವ ಹೊತ್ತಿನಲ್ಲಿ.

ಇದರ ನಡುವೆ ಒಂದು ದಿನ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡುತ್ತಿದ್ದೆ. ಅಲ್ಲಿ ಸಿಪಿಯು ಕೆಳಗೆ ಅಪ್ ಟೈಮ್ ಎಂದಿರುತ್ತದೆ, ಕಂಪ್ಯೂಟರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಲೆಕ್ಕ. ನನ್ನದು ಮೂರು ದಿನ ಚಿಲ್ಲರೆ ತೋರಿಸಿತು. ಹಿಂದಿನ ರಾತ್ರಿ ತಾನೇ ಶಟ್‌ಡೌನ್ ಮಾಡಿ ಮಲಗಿದ್ದೆ! ಕೇಳಿದರೆ, ಅದು ಫಾಸ್ಟ್ ಸ್ಟಾರ್ಟಪ್ ಎಂದಳು. 2012ರ ವಿಂಡೋಸ್ 8ರಿಂದ ಬಂದದ್ದು. ಶಟ್‌ಡೌನ್ ಕೊಟ್ಟರೆ ನಮ್ಮ ಪ್ರೋಗ್ರಾಮುಗಳನ್ನಷ್ಟೇ ಮುಚ್ಚಿ, ವಿಂಡೋಸ್‌ನ ಒಳಗಿನ ಭಾಗವನ್ನೂ ಡ್ರೈವರುಗಳನ್ನೂ ಇದ್ದ ಹಾಗೇ ಹೈಬರ್ನೇಟ್ ಮಾಡುತ್ತದೆ. ಬೆಳಗ್ಗೆ ಬೇಗ ತೆರೆಯಲಿ ಅಂತ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ಶಟ್‌ಡೌನ್‌ಗಿಂತ ರೀಸ್ಟಾರ್ಟ್ ಹೆಚ್ಚು ಶುದ್ಧ ಎಂದರೆ ನನ್ನ ವಾರಿಗೆಯವರು ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆದೆ. ಕಾರಣ ಅದಲ್ಲ, ಆದರೆ ಪತ್ತೆ ಮಾಡುವಾಗ ಪ್ರತಿ ಸಲ ಹೊಸ ಪುಟದಿಂದ ಶುರುಮಾಡುವುದು ಒಳ್ಳೆಯದು.

ನಂತರ ಮಿನಿಡಂಪ್. ನೀಲಿ ಪರದೆ ಬಂದಾಗಲೆಲ್ಲ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬಲ್ಲಿ ಒಂದು ಸಣ್ಣ ಫೈಲ್ ಬೀಳುತ್ತದೆ. ಮರಣೋತ್ತರ ಪರೀಕ್ಷೆಯ ವರದಿ ಇದ್ದ ಹಾಗೆ. ನಾನು ಮೊದಲು ಬ್ಲೂಸ್ಕ್ರೀನ್‌ವ್ಯೂ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ತೆರೆದೆ. ಸುಲಭ, ತೆರೆದ ಕೂಡಲೇ ಪಟ್ಟಿ. ಆದರೆ ಎಲ್ಲ ಸಾವಿಗೂ ಕಾರಣವೆಂದು ಎನ್‌ಟಿಒಎಸ್‌ಕರ್ನಲ್ ಎಂದು ತೋರಿಸಿತು. ಅದು ವಿಂಡೋಸ್‌ನ ಹೃದಯ. ರಿಪೇರಿ ಹುಡುಗ ಹೇಳಿದ್ದು ಸರಿಯೇ ಹಾಗಾದರೆ, ವಿಂಡೋಸೇ ಕೆಟ್ಟಿದೆಯಾ?

"ಮಾವ, ಹಮಾಲಿ ಬರಲಿಲ್ಲ ಅಂತ ಕೂಗಿದ್ದು ಸಾಹುಕಾರ. ಕೂಗಿದವನ ಹೆಸರು ಬರೆದುಕೊಂಡರೆ ಹೇಗೆ?"

ನನ್ನ ಹೋಲಿಕೆಯನ್ನು ನನಗೇ ತಿರುಗಿಸಿ ಹೊಡೆದಳು. ಡಂಪ್ ಫೈಲನ್ನು ಆಳವಾಗಿ ಓದುವ ವಿನ್‌ಡಿಬಿಜಿ ಹಾಕಿಕೊಳ್ಳಿ ಎಂದಳು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಡಂಪ್ ಫೈಲನ್ನು ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪರ್ಮಿಷನ್ ಇಲ್ಲ ಎಂದು ತಕರಾರು ತೆಗೆಯುತ್ತದೆ. ಆಮೇಲೆ ಅನಲೈಸ್ ಎಂಬ ಕಮಾಂಡು. ಮೊದಲ ಸಲ ಇಂಟರ್ನೆಟ್‌ನಿಂದ ಏನೇನೋ ಇಳಿಸಿಕೊಳ್ಳುತ್ತದೆ. ಅಷ್ಟರಲ್ಲಿ ನಾನು ಎದ್ದು ಹೋಗಿ ಮಂಡಕ್ಕಿ ಕಲಸಿಕೊಂಡು ಬಂದೆ.

ಪರದೆ ತುಂಬ ಇಂಗ್ಲಿಷ್ ಅಕ್ಷರ. ನಾಲ್ಕು ಸಾಲು ಮಾತ್ರ ಓದಿಸಿದಳು. ಮೊದಲನೆಯದು 3. ಅಂದರೆ ಒಂದು ಸಾಧನ ಚೀಟಿಯನ್ನು ತುಂಬಾ ಹೊತ್ತು ಹಿಡಿದಿಟ್ಟುಕೊಂಡಿದೆ. ನಾಲ್ಕನೆಯದು ಆ ಚೀಟಿಯ ವಿಳಾಸ. ಆ ವಿಳಾಸವನ್ನು ಐಆರ್‌ಪಿ ಎಂಬ ಕಮಾಂಡಿನ ಮುಂದೆ ಹಾಕಿ ಎಂಟರ್ ಹೊಡೆದೆ. ಚೀಟಿ ಯಾರ್ಯಾರ ಕೈ ದಾಟಿತು ಎಂಬ ಪಟ್ಟಿ ಬಂತು. ಅದರಲ್ಲಿ ಒಂದು ಸಾಲಿನ ಎಡಕ್ಕೆ ಸಣ್ಣ ಬಾಣದ ಗುರುತು. ಚೀಟಿ ಅಲ್ಲಿ ನಿಂತಿದೆ ಎಂದು ಅರ್ಥ.

ವೈಫೈ ಡ್ರೈವರ್.

ಮೂರು ಡಂಪ್ ತೆರೆದೆ. ಮೂರರಲ್ಲೂ ಅವನೇ.

ಇಷ್ಟಾದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಮನೆಯಲ್ಲಿ ಯಾಕೆ ಒಂದು ಸಲವೂ ಕೆಡಲಿಲ್ಲ? ಶಟ್‌ಡೌನ್ ಮಾಡಿಕೊಂಡು ತಿರುಗಿದ ಆ ವಾರದಲ್ಲಿ ಒಳಗಿನಿಂದ ಅದೂ ಒಂದು ಥರ ಹೈಬರ್ನೇಟೇ ಆಗಿದ್ದರೂ ಯಾಕೆ ತೊಂದರೆ ಬರಲಿಲ್ಲ? ಡೈರಿ ತಿರುವಿ ಹಾಕಿದೆ. ಆಗ ನನ್ನದೇ ಒಂದು ಅಭ್ಯಾಸ ಕಣ್ಣಿಗೆ ಬಿತ್ತು. ಅಂಗಡಿಗಳಲ್ಲಿ ನಾನು ಮೊಬೈಲ್ ಹಾಟ್‌ಸ್ಪಾಟ್ ಬಳಸುತ್ತೇನೆ. ಏಳುವಾಗ ಮೊಬೈಲ್ ಬ್ಯಾಟರಿ ಉಳಿಯಲಿ ಅಂತ ಮೊದಲು ಹಾಟ್‌ಸ್ಪಾಟ್ ಆರಿಸುತ್ತೇನೆ, ಆಮೇಲೆ ಮುಚ್ಚಳ ಮುಚ್ಚುತ್ತೇನೆ. ಶಟ್‌ಡೌನ್ ಮಾಡುವಾಗ ಹಾಗಲ್ಲ, ಪರದೆ ಪೂರ್ತಿ ಆರಿದ ಮೇಲೆ ಹಾಟ್‌ಸ್ಪಾಟ್ ಆರಿಸುತ್ತಿದ್ದೆ. ಮನೆಯ ವೈಫೈ ಯಾವತ್ತೂ ಆರುವುದಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಪರೀಕ್ಷೆ ಮಾಡಿದೆ. ಹಾಟ್‌ಸ್ಪಾಟ್ ಆರಿಸಿದೆ, ತಕ್ಷಣ ಮುಚ್ಚಳ ಮುಚ್ಚಿದೆ. ನನ್ನ ಲ್ಯಾಪ್‌ಟಾಪಿನ ಅಂಚಿನಲ್ಲಿ ಒಂದು ಬಿಳಿ ದೀಪವಿದೆ. ಸರಿಯಾಗಿ ಮಲಗಿದರೆ ಅದು ಉಸಿರಾಡುವ ಹಾಗೆ ಹೊತ್ತಿ ಆರುತ್ತದೆ. ಅವತ್ತು ಅದು ಉಸಿರಾಡಲಿಲ್ಲ, ಕಣ್ಣು ಮಿಟುಕಿಸದೆ ನೋಡುವವರ ಹಾಗೆ ಒಂದೇ ಸಮ ಉರಿಯಿತು. ಮುಚ್ಚಳಕ್ಕೆ ಕಿವಿ ಕೊಟ್ಟೆ. ಫ್ಯಾನ್ ತಿರುಗುವ ಸಣ್ಣ ಸದ್ದು. ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದವಳು ನನ್ನನ್ನು ನೋಡಿ ಏನೂ ಕೇಳಲಿಲ್ಲ. ಕಾದೆ. ಹತ್ತು ನಿಮಿಷದ ಆಸುಪಾಸಿಗೆ ದೀಪ ಫಕ್ಕನೆ ಆರಿ ಮತ್ತೆ ಹತ್ತಿತು, ಫ್ಯಾನ್ ಜೋರಾಯಿತು. ತೆರೆದರೆ ಪಾಸ್‌ವರ್ಡ್ ಪರದೆ, ಒಳಗೆ ಖಾಲಿ ಅಂಗಳ.

ನನಗಾದ ಸಂತೋಷ ಹೇಳತೀರದು. ಬೇಕೆಂದಾಗ ಕೆಡಿಸಲು ಬಂದರೆ ಅರ್ಧ ರಿಪೇರಿ ಆದಂತೆಯೇ. ನಾಲ್ಕು ಸಲ ಮಾಡಿದ್ದರಲ್ಲಿ ಮೂರು ಸಲ ಕೆಟ್ಟಿತು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈಯನ್ನೇ ಡಿಸೇಬಲ್ ಮಾಡಿ ಹತ್ತು ಸಲ ಮುಚ್ಚಿದೆ. ಹತ್ತು ಸಲವೂ ದೀಪ ಉಸಿರಾಡಿತು. ನೆಟ್ ಹೋದದ್ದೇ ತಡ, ವೈಫೈ ಬೇರೆ ಸಿಗ್ನಲ್ ಹುಡುಕಲು ಶುರುಮಾಡುತ್ತದೆ. ಆ ಗಡಿಬಿಡಿಯಲ್ಲಿ ಮಲಗು ಎಂಬ ಚೀಟಿ ಕೈಗೆ ಬಂದರೆ ಈ ಡ್ರೈವರ್ ಅದನ್ನು ಹಿಡಿದುಕೊಂಡು ನಿಂತುಬಿಡುತ್ತದೆ. ಹೀಗೆಂದು ನಾವು ಅಂದಾಜು ಮಾಡಿದೆವು.

ಪರಿಹಾರ ಒಂದೇ ಏಟಿಗೆ ಆಗಲಿಲ್ಲ. ಮೊದಲು ವೈಫೈ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ "ಕರೆಂಟ್ ಉಳಿಸಲು ಈ ಸಾಧನವನ್ನು ಆರಿಸಬಹುದು" ಎಂಬ ಟಿಕ್ ತೆಗೆದೆ. ಎಲ್ಲರೂ ಹೇಳುವ ಮದ್ದು ಇದೇ. ನನ್ನದಕ್ಕೆ ತಾಗಲಿಲ್ಲ. ರೋಲ್ ಬ್ಯಾಕ್ ಡ್ರೈವರ್ ಬಟನ್ ಒತ್ತಲು ಹೋದರೆ ಅದು ಮಸುಕಾಗಿ ಕೂತಿತ್ತು, ಒತ್ತಲು ಬರುವುದಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತಯಾರಿಸಿದವರ ಸೈಟಿನಲ್ಲಿ ನನ್ನ ಮಾಡೆಲ್ ನಂಬರ್ ಹಾಕಿ ಹುಡುಕಿದೆ. ಅಲ್ಲಿ ಹಳೆಯ ಡ್ರೈವರ್ ಇತ್ತು. ಇಳಿಸಿಕೊಂಡೆ. ಇಳಿಸಿಕೊಂಡ ಮೇಲೆಯೇ ಈಗಿನದನ್ನು ತೆಗೆಯಬೇಕು, ನೆನಪಿರಲಿ. ಮೊದಲೇ ವೈಫೈ ತೆಗೆದರೆ ಇಳಿಸಿಕೊಳ್ಳಲು ನೆಟ್ ಎಲ್ಲಿಂದ ಬರಬೇಕು? ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು ಎಂಬ ಚೌಕಕ್ಕೆ ಟಿಕ್ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಹಳೆಯದನ್ನು ಹಾಕಿದೆ. ಅಡುಗೆಮನೆ ಪರೀಕ್ಷೆ ಇಪ್ಪತ್ತು ಸಲ. ಇಪ್ಪತ್ತು ಸಲವೂ ಪಾಸು.

ಆರು ದಿನ ಚೆನ್ನಾಗಿತ್ತು. ಏಳನೇ ದಿನ ಮತ್ತೆ ಕೆಟ್ಟಿತು.

ಈ ಸಲ ಸಿಟ್ಟು ಮಾಡಿಕೊಳ್ಳಲಿಲ್ಲ. ನೇರವಾಗಿ ಅಪ್‌ಡೇಟ್ ಹಿಸ್ಟರಿ ತೆರೆದೆ. ಅಲ್ಲಿ ಡ್ರೈವರ್ ಅಪ್‌ಡೇಟ್‌ಗಳ ಪಟ್ಟಿ ಬೇರೆಯೇ ಇರುತ್ತದೆ. ಹಿಂದಿನ ರಾತ್ರಿ ಹೊಸ ವೈಫೈ ಡ್ರೈವರ್ ತಾನಾಗಿ ಬಂದು ಕೂತಿತ್ತು. ಪಟ್ಟಿಯಲ್ಲಿ ಕೆಳಗೆ ಹೋದೆ. ಅದೇ ಡ್ರೈವರ್ ಮೊದಲ ಸಲ ಬಂದ ತಾರೀಕೂ ಇತ್ತು. ಫಾರ್ಮ್ಯಾಟ್ ಹೊಡೆಸಿದ ಭಾನುವಾರದ ನಂತರದ ಗುರುವಾರ. ಆ ನಾಲ್ಕು ದಿನ ಯಾಕೆ ಚೆನ್ನಾಗಿತ್ತು ಎಂಬುದಕ್ಕೆ ಉತ್ತರ ಇಷ್ಟು ದಿನ ಅಲ್ಲೇ ಇತ್ತು.

ಮತ್ತೆ ಹಳೆಯದನ್ನು ಹಾಕಿದೆ. ಅಪ್‌ಡೇಟ್ ಮುಚ್ಚಿಡುವ ಮೈಕ್ರೋಸಾಫ್ಟ್‌ನದೇ ಒಂದು ಸಣ್ಣ ಟೂಲ್ ಬಳಸಿ ಆ ಒಂದು ಡ್ರೈವರನ್ನಷ್ಟೇ ಬಚ್ಚಿಟ್ಟೆ. ವಿಂಡೋಸ್ ಅಪ್‌ಡೇಟ್ ಪೂರ್ತಿ ನಿಲ್ಲಿಸುವವರಿದ್ದಾರೆ. ಪೋರ್ಟಲ್ಲು, ಬ್ಯಾಂಕು ಎಲ್ಲ ಇರುವ ಮಿಷನ್ನಿನಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಅದಾಗಿ ಎಂಟು ತಿಂಗಳಾಯಿತು. 159 ಮತ್ತೆ ಕಂಡಿಲ್ಲ. 41 ಎರಡು ಸಲ ಬಿದ್ದಿದೆ, ಎರಡರಲ್ಲೂ ಕೋಡ್ ಸೊನ್ನೆ. ಒಂದು ನಾನೇ ಬಟನ್ ಅದುಮಿದ್ದು, ಇನ್ನೊಂದು ಮೊಮ್ಮಗ. ಈಗ ಒಂದು ಗಂಟೆ ಮಲಗಿದ ಮೇಲೆ ತಾನಾಗಿ ಹೈಬರ್ನೇಟ್ ಆಗುವ ಹಾಗೆ ಇಟ್ಟಿದ್ದೇನೆ. ಹಾಟ್‌ಸ್ಪಾಟ್ ಆರಿಸುವುದು ಮುಚ್ಚಳ ಮುಚ್ಚಿದ ಮೇಲೆಯೇ. ಮತ್ತೆ, ದೀಪ ಉಸಿರಾಡುವುದನ್ನು ನೋಡದೆ ಬ್ಯಾಗಿಗೆ ಹಾಕುವುದಿಲ್ಲ. ಎಪಿಎಂಸಿಯ ಸಾಹುಕಾರರಿಗೆ ಇದು ಗೊತ್ತಾಗಿದೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಅದನ್ನೇ ನೋಡುತ್ತಾ ನಿಂತರೆ, "ಮಲಗ್ತೇನ್ರಿ ಕೂಸು?" ಎಂದು ಕೇಳುತ್ತಾರೆ.

ರಿಪೇರಿ ಹುಡುಗನಿಗೂ ಎಲ್ಲ ಹೇಳಿದೆ. ಈವೆಂಟ್ ವ್ಯೂವರ್ ತೆರೆದು ತೋರಿಸಿದೆ. 41, 42, 159 ಎಂದು ಅಂಗಡಿಯ ಗೋಡೆಯ ಮೇಲೆ, ರೀಚಾರ್ಜ್ ನಂಬರುಗಳ ಪಕ್ಕದಲ್ಲಿ ಮಾರ್ಕರ್‌ನಿಂದ ಬರೆದುಕೊಂಡ. ಹೋದ ವಾರ ಹೋಗಿದ್ದಾಗ ಯಾರದ್ದೋ ಲ್ಯಾಪ್‌ಟಾಪಿನಲ್ಲಿ ಲಾಗ್ ತೆರೆದು ನೋಡುತ್ತಿದ್ದ. ಒಳ್ಳೆಯದಾಯಿತು ಅಂದುಕೊಂಡೆ. ಮೇಜಿನ ಮೇಲೆ ನೋಡಿದರೆ ರ‍್ಯಾಮ್ ಆಗಲೇ ಬಿಚ್ಚಿಟ್ಟಿದ್ದ. ಪಕ್ಕದಲ್ಲಿ ರಬ್ಬರ್.